ತಣ್ಣಗಾಗದ ಹಲಗಿ

ಗಂಗಾವತಿಯಲ್ಲಿ ರಾತ್ರಿ ಹತ್ತರ ಮೇಲೆ
ರೈಸ್ ಮಿಲ್ಲು ಬಾಯಿ ಮುಚ್ಚಿದರೆ ನನ್ನ ಅಂಗಡಿ ಬಾಯಿ ತೆರೆಯುತ್ತದೆ.
ಅಂಗಡಿಯೆಂದರೆ ಮಾಳಿಗೆ ಮೇಲಿನ ಒಂದು ಖೋಲಿ.
ಗೋಡೆಗೆ ಭತ್ತದ ಹೊಟ್ಟು ತುಂಬಿದ ಗೋಣಿಚೀಲ,
ಹೊರಗಿನ ಸದ್ದು ಒಳಗೆ ಬರಬಾರದೆಂದು.
ಸದ್ದು ಬರುವುದಿಲ್ಲ. ಇಲಿ ಬರುತ್ತವೆ.

ಹಾಡಿಗಿಷ್ಟು ಅಂತ ನನ್ನ ಲೆಕ್ಕ.
ಕ್ಯಾಸಿಯೋ ನುಡಿಸಿದರೆ ಒಂದು, ಹಾರ್ಮೋನಿಯಂ ಬೇಕಾದರೆ ಮತ್ತೊಂದು,
ಮಿಕ್ಸಿಂಗ್ ಸೇರಿಸಿ ಕೇಳಿದರೆ ಚೌಕಾಸಿ.
ತತ್ವಪದ, ಮೊಹರಂ ಪದ, ಅತ್ತೆ ಮಗಳ ಮೇಲಿನ ತರಲೆ ಪದ,
ಎಲ್ಲಕ್ಕೂ ಒಂದೇ ಮೈಕು, ಒಂದೇ ಕುರ್ಚಿ.
ಕಾರಟಗಿಯ ಶರಣಬಸು ಆರು ಹಾಡಿನ ಬಾಕಿ ಇಟ್ಟು
"ಈ ಸಲ ವೀವ್ಸ್ ಬರ್ಲಿ ಅಣ್ಣಾ" ಅನ್ನುತ್ತಾನೆ,
ರಾತ್ರಿ ಬಸ್ಸಿಗೆ ಕಾದವರ ದನಿಯಲ್ಲಿ.

ಯಮನೂರಪ್ಪ ಬಂದದ್ದು ಅಂಥದೊಂದು ರಾತ್ರಿ,
ಜಂಗಮರ ಕಲ್ಗುಡಿಯಿಂದ ಕೊನೇ ಟಂಟಂ ಹಿಡಿದು.
ಹಳೇ ಬ್ಯಾನರಿನಲ್ಲಿ ಸುತ್ತಿದ ಹಲಗಿ,
ಬ್ಯಾನರಿನ ಮೇಲೆ ಸೋತವನೊಬ್ಬನ ಅರ್ಧ ಮೀಸೆ.
ಒಳಗೆ ಬೆಂಕಿ ಕೂಡದು. ಹೊಟ್ಟು, ವೈರು, ಮಾಲೀಕ.
ಮೆಟ್ಟಿಲ ಮೇಲೆ ಪೇಪರು ಸುಟ್ಟು ಚರ್ಮ ಕಾಯಿಸಿ
ಓಡಿ ಬಂದು ಮೈಕಿನ ಮುಂದೆ ನಿಂತ.
ಏಳು ನಿಮಿಷ. ಅಷ್ಟರೊಳಗೆ ಹಿಡಿಯಬೇಕು,
ಆಮೇಲೆ ಆರಿದ ಹಲಗಿ, ಹಸೀ ರೊಟ್ಟಿ ಬಡಿದಂತೆ.
ಎಡಗೈಯವನು. ದಪ್ಪ ಕೋಲು ಎಡಕ್ಕೆ, ಸಣ್ಣ ಕಡ್ಡಿ ಬಲಕ್ಕೆ,
ಮೂರನೆಯ ಪೆಟ್ಟು ಕೂದಲೆಳೆಯಷ್ಟು ತಡ.
ಕಿವಿಗೆ ಹಾಕಿದ ಕ್ಲಿಕ್ಕನ್ನು ಕಿತ್ತು
"ಇದು ಯಾರ್ರಿ ನಡುವ ನಡುವ ಬಾಗಿಲ ಬಡಿಯಾಕತ್ತಾರ?" ಅಂದ.

ಎಂಟುನೂರು ಕೊಟ್ಟೆ. ಕಡಿಮೆಯಲ್ಲ, ಆವತ್ತಿನ ರೇಟು ಅದೇ.

ಆ ಏಳು ನಿಮಿಷದಲ್ಲಿ ನಾಲ್ಕು ಸೆಕೆಂಡು ಕತ್ತರಿಸಿ
ತಲೆಗೆ ಬಾಲ ಜೋಡಿಸಿದೆ. ತಿರುಗತೊಡಗಿತು.
'ಯಮನೂರ ಎಡಗೈ' ಎಂದು ಫೈಲಿಗೆ ಹೆಸರು.
ಶರಣಬಸುಗೆ ಕೊಟ್ಟೆ, ಅವನು ಸಿಂಧನೂರಿಗೆ ಕೊಟ್ಟ,
ಸಿಂಧನೂರಿನವರು ಯಾರಿಗೆ ಕೊಟ್ಟರೋ, ಪೆನ್‌ಡ್ರೈವಿಗೆ ನಾಲಿಗೆ ಇಲ್ಲ.
ಹೆಸರು ದಾರಿಯಲ್ಲೆಲ್ಲೋ ಉದುರಿ 'ಹಲಗಿ ಒಂದು' ಆಯಿತು.
ಈಗ ಲಿಂಗಸುಗೂರಿನ ಆಟೋದಲ್ಲಿ, ಸಿರುಗುಪ್ಪದ ಟ್ರ್ಯಾಕ್ಟರಿನಲ್ಲಿ,
ಎದುರುಮನೆ ಹುಡುಗನ ಫೋನು ಹೊಡೆದುಕೊಂಡಾಗ
ಮೂರನೆಯ ಪೆಟ್ಟು ತಡವಾಗಿ ಬರುತ್ತದೆ.
ಹುಟ್ಟಿದ ಗಳಿಗೆಯ ಬಿಸಿಯಲ್ಲೇ ಬರುತ್ತದೆ, ಆರುವುದಿಲ್ಲ.
ನಾನು ನಡೆಯುತ್ತಾ ಅಲ್ಲೇ ಎಡವುತ್ತೇನೆ.

ಕನಕಗಿರಿಯ ಮದುವೆಯೊಂದಕ್ಕೆ ನನಗೆ ಕೀಬೋರ್ಡಿನ ಕೂಲಿ,
ಅವನಿಗೆ ಮೆರವಣಿಗೆಯ ಹಲಗಿ.
ಹೊರಡುವ ಹೊತ್ತಿಗೆ ಡಿಜೆ ಗಾಡಿ ಬಂತು.
ಮದುಮಗನ ಕಾಕಾ ಬಂದು "ನೀವು ಉಂಡು ಹೋಗ್ರಿ" ಅಂದ,
ಪ್ರೀತಿಯಿಂದಲೇ ಅಂದ.
ಬಾಕ್ಸಿನೊಳಗೆ ಯಮನೂರಪ್ಪ ಬಡಿಯತೊಡಗಿದ.
ಹೊರಗಿನ ಯಮನೂರಪ್ಪ ಬದನೆಕಾಯಿ ಪಲ್ಯ ಬದಿಗೆ ಸರಿಸಿ
ತುತ್ತು ಹಿಡಿದ ಕೈ ಹಾಗೇ ಇಟ್ಟು ಕೇಳಿದ.
"ಎಡಗೈಯವ್ನು. ಕೈ ಚಲೋ ಐತಿ.
ಆದ್ರ ನೋಡ್ರಿ, ಇಂವ ಹಲಗಿ ಕಾಸಾಕ ಏಳೂದೇ ಇಲ್ಲ."
ಗುರುತು ಹಿಡಿದು ಅಂದನೋ, ಹಾಗೇ ಅಂದನೋ.
ನಾನು ಮಜ್ಜಿಗೆ ಕೇಳಿದೆ.

ಆ ರಾತ್ರಿ ಫೋನಿನಲ್ಲಿ ಎಂಟುನೂರು ಕಳಿಸಿದೆ.
ತಿರುಗಿ ಕರೆ ಬಂತು: "ಯಾವ ಲೆಕ್ಕಕ್ರಿ?"
"ಹಿಂದಿಂದು."
"ಹಿಂದಿಂದು ಮುಟ್ಟೈತಲ್ರಿ."
ಸ್ವಲ್ಪ ಹೊತ್ತು ಎರಡೂ ಕಡೆ ಫ್ಯಾನಿನ ಸದ್ದು.
"ಮುಂದಿಂದು ಅಂತ ಇಟಗೊಂತೀನಿ. ಕರೀರಿ."

ಕರೆದಿಲ್ಲ. ಯಾವ ಹಾಡಿಗೆ ಕರೆಯಲಿ,
ಬಂದವರೆಲ್ಲ 'ಹಲಗಿ ಒಂದು' ಹಾಕು ಅನ್ನುತ್ತಾರೆ.

ಇಲಿಗಳು ಈಗ ಬಡಗಣ ಗೋಡೆ ಮುಗಿಸಿವೆ.
ಸೋರಿದ ಹೊಟ್ಟು ಗುಡಿಸಿ, ಹಳೇ ಡಿಸ್ಕು ತೆರೆದು
ಕತ್ತರಿ ಹಾಕುವ ಮುಂಚಿನ ಏಳು ನಿಮಿಷ ಹಚ್ಚಿಕೊಂಡು ಕೂತೆ.
ಆರನೆಯ ನಿಮಿಷಕ್ಕೆ ಚರ್ಮ ಇಳಿಯುತ್ತಾ ಹೋಗುತ್ತದೆ,
ಪೆಟ್ಟಿನ ಬಾಯಿ ಅಗಲವಾಗುತ್ತದೆ, ಒಂದು ಕೆಮ್ಮು,
ಕೋಲು ನೆಲಕ್ಕಿಟ್ಟ ಸದ್ದು.
ಆಮೇಲೆ, ನಾನು ಬೇಡವೆಂದು ಬಿಟ್ಟ ಮೂರು ಸೆಕೆಂಡು:

"ಆಯ್ತೇನ್ರಿ? ಆರಾಕತ್ತೈತಿ."